ಕೈಬೀಸುವವರ ದರ್ಜಿ

ಮ್ಯಾನ್‌ಹಟನ್ನಿನ ಸೆವೆಂತ್ ಅವೆನ್ಯೂವಿನಲ್ಲಿ, 35ನೇ ಬೀದಿಯಿಂದ 41ನೇ ಬೀದಿಯವರೆಗೆ, ಪೂರ್ವ ಬದಿಯ ಫುಟ್‌ಪಾತಿನ ಮೇಲೆ ನಡೆಯುವವರೆಲ್ಲ ದಿನಬೆಳಗಾದರೆ ಕೆಲವು ದೊಡ್ಡ ಮನುಷ್ಯರನ್ನು ತುಳಿದುಕೊಂಡು ಹೋಗುತ್ತಾರೆ. ರಾಲ್ಫ್ ಲಾರೆನ್, ಕ್ಯಾಲ್ವಿನ್ ಕ್ಲೈನ್, ಹಾಲ್ಸ್ಟನ್, ಕ್ಲೇರ್ ಮೆಕಾರ್ಡೆಲ್, ನಾರ್ಮನ್ ನೊರೆಲ್. ಅಮೆರಿಕದ ಉಡುಪು ವಿನ್ಯಾಸಕಾರರ ಹೆಸರಿರುವ ದುಂಡನೆಯ ಕಂಚಿನ ಫಲಕಗಳನ್ನು ಅಲ್ಲಿ ನೆಲದೊಳಗೆ ಕೂರಿಸಿದ್ದಾರೆ. 2000ದಲ್ಲಿ ಶುರುವಾದ ಈ ಏರ್ಪಾಡಿಗೆ ಫ್ಯಾಷನ್ ವಾಕ್ ಆಫ್ ಫೇಮ್ ಎಂದು ಹೆಸರು. ಹಾಲಿವುಡ್ಡಿನಲ್ಲಿ ಸಿನಿಮಾದವರಿಗೆ ನಕ್ಷತ್ರಗಳಿರುವಾಗ ಬಟ್ಟೆಯವರಿಗೂ ಏನಾದರೊಂದು ಇರಲಿ ಎಂಬ ಉಮೇದಿನಿಂದ, ಉಡುಪು ಉದ್ಯಮದ ಬಡಾವಣೆಯಾದ ಗಾರ್ಮೆಂಟ್ ಡಿಸ್ಟ್ರಿಕ್ಟಿನ ವ್ಯಾಪಾರಿಗಳ ಸಂಘ ಮಾಡಿದ ಕೆಲಸ ಇದು. ಹಾಲಿವುಡ್ಡಿನಲ್ಲಾದರೆ ನಕ್ಷತ್ರದ ಪಕ್ಕ ನೆಲದ ಮೇಲೇ ಕುಳಿತು ಫೋಟೊ ತೆಗೆಸಿಕೊಳ್ಳುವ ಜನರಿದ್ದಾರೆ. ಇಲ್ಲಿ ಯಾರೂ ನಿಲ್ಲುವುದಿಲ್ಲ. ಒಂದು ತುದಿಗೆ ಪೆನ್ ಸ್ಟೇಷನ್, ಇನ್ನೊಂದು ತುದಿಗೆ ಟೈಮ್ಸ್ ಸ್ಕ್ವೇರ್. ನಡುವಿನ ಈ ಆರು ಬ್ಲಾಕುಗಳನ್ನು ಜನ ದಾಟುತ್ತಾರೆ, ಅಷ್ಟೇ.

ನಾನೂ ಬಹಳ ಕಾಲ ಹಾಗೇ ದಾಟಿದವನು. ನ್ಯೂಜೆರ್ಸಿಯ ರೈಲು ಇಳಿದು ಕಚೇರಿಗೆ ಹೋಗುವ ದಾರಿ ಅದೇ. ಬೆಳಗಿನ ಆ ಹೊತ್ತಿಗೆ ಕಣ್ಣು ಮುಂದಿನವನ ಬೆನ್ನಿನ ಮೇಲಿರುತ್ತದೆ, ಕಾಲು ಅಭ್ಯಾಸಬಲದಿಂದ ಹೋಗುತ್ತದೆ. ಒಮ್ಮೆ ಮಳೆಗೆ ನೆನೆದ ಕಂಚಿನ ಮೇಲೆ ಶೂ ತುಸು ಜಾರಿತು. ಏನಿದು ಎಂದು ಬಗ್ಗಿ ನೋಡಿದಾಗ ಕಂಡದ್ದು ಒಂದು ಸಹಿ.

ಹತ್ತಿರದಿಂದ ನೋಡಿದರೆ ಈ ಫಲಕಗಳು ಚೆನ್ನಾಗಿಯೇ ಇವೆ. ಒಂದೊಂದರಲ್ಲೂ ಆ ವಿನ್ಯಾಸಕಾರರ ಒಂದು ರೇಖಾಚಿತ್ರ, ಅವರ ಸಹಿ, ಅವರು ಯಾರೆಂದು ಹೇಳುವ ಕೆಲವು ಸಾಲು. ಗೆರೆಗಳ ಸಂದಿಯಲ್ಲಿ ಮಣ್ಣು ಕೂತು ಚಿತ್ರ ಇನ್ನಷ್ಟು ಎದ್ದು ಕಾಣುತ್ತದೆ. ಯಾರೋ ಉಗಿದ ಚೂಯಿಂಗ್ ಗಮ್ ಕಪ್ಪಾಗಿ ಚಪ್ಪಟೆಯಾಗಿ ಫಲಕದ ಅಂಚಿಗೆ ಅಂಟಿರುತ್ತದೆ. ಚಳಿಗಾಲದಲ್ಲಿ ಹಿಮ ಕರಗಲೆಂದು ಎರಚುವ ಉಪ್ಪು ಒಣಗಿ ಬೂದುಬಣ್ಣದ ಪದರವಾಗಿ ಕೂರುತ್ತದೆ. ಹಲಾಲ್ ಊಟದ ತಳ್ಳುಗಾಡಿಯ ಚಕ್ರ ಒಂದು ಮಹಾಶಯರ ಹೆಸರಿನ ಮೇಲೆ ಮಧ್ಯಾಹ್ನವಿಡೀ ನಿಂತಿದ್ದದ್ದನ್ನು ನೋಡಿದ್ದೇನೆ. ಗಾಡಿಯವನ ತಪ್ಪಿಲ್ಲ, ಅವನ ಜಾಗ ಅದು.

ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಇದು ಸ್ವಲ್ಪ ಕಸಿವಿಸಿಯ ಸಂಗತಿ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಾವು, ಗೌರವಿಸಬೇಕಾದವರ ಹೆಸರನ್ನು ನೆಲಕ್ಕೆ ಹಾಕುವುದೆಂದರೆ ಏನು? ಆದರೆ ನಮ್ಮಲ್ಲೇ ಇದಕ್ಕೊಂದು ಉತ್ತರವೂ ಇದೆ. ವಿಜಯನಗರ ಕಾಲದ ಕೆಲವು ದೇವಾಲಯಗಳ ನೆಲಹಾಸಿನ ಕಲ್ಲುಗಳ ಮೇಲೆ ದೀರ್ಘದಂಡ ನಮಸ್ಕಾರ ಹಾಕಿ ಮಲಗಿದ ಭಕ್ತರ ಆಕೃತಿಗಳನ್ನು ಕೆತ್ತಿದ್ದಾರೆ. ಒಳಗೆ ಹೋಗುವವರು ಅವರನ್ನು ತುಳಿದೇ ಹೋಗಬೇಕು. ದೇವರ ದರ್ಶನಕ್ಕೆ ಬರುವವರ ಪಾದಧೂಳಿ ತಮ್ಮ ಮೇಲೆ ಬೀಳಲಿ ಎಂದು ಅವರಾಗಿಯೇ ಕೇಳಿಕೊಂಡ ಜಾಗ ಅದು. ಸೆವೆಂತ್ ಅವೆನ್ಯೂವಿನ ಮಹನೀಯರಲ್ಲಿ ಹಾಗೆ ಕೇಳಿಕೊಳ್ಳುವ ಸ್ವಭಾವದವರು ಎಷ್ಟು ಮಂದಿ ಇದ್ದರೋ! ರಾಣಿಯರಿಗೆ, ಅಧ್ಯಕ್ಷರ ಹೆಂಡಂದಿರಿಗೆ, ನಟಿಯರಿಗೆ ಬಟ್ಟೆ ಹೊಲಿದವರು ಅವರಲ್ಲಿ ಹಲವರು. ಅವರ ಹೆಸರಿಗೆ ಗೋಡೆಯೋ ಗಾಜಿನ ಪೆಟ್ಟಿಗೆಯೋ ಹೆಚ್ಚು ಒಪ್ಪುತ್ತಿತ್ತು ಎಂದು ನನಗೆ ಅನಿಸಿದ್ದಿದೆ. ಆದರೆ ಅವರ ನಡುವೆ ಒಬ್ಬರ ಹೆಸರು ಮಾತ್ರ ಬೀದಿಯ ನೆಲದಲ್ಲೇ ಇರಬೇಕು, ಬೇರೆಲ್ಲಿಟ್ಟರೂ ಸರಿಹೋಗುವುದಿಲ್ಲ. ಆ ಹೆಸರು ವಿಲಿ ಸ್ಮಿತ್. ಅವರ ಫಲಕ ಅಲ್ಲಿಗೆ ಬಂದದ್ದು 2002ರಲ್ಲಿ, ಅವರು ತೀರಿಕೊಂಡು ಹದಿನೈದು ವರ್ಷವಾದ ಮೇಲೆ.

ವಿಲಿ ಸ್ಮಿತ್ ಹುಟ್ಟಿದ್ದು 1948ರ ಫೆಬ್ರುವರಿ 29ರಂದು, ಫಿಲಡೆಲ್ಫಿಯಾದಲ್ಲಿ. ಕಪ್ಪು ಜನಾಂಗದ ಕುಟುಂಬ, ತಂದೆ ಕಬ್ಬಿಣದ ಕೆಲಸದವರು. ಬಟ್ಟೆಯ ವ್ಯಾಮೋಹ ಮನೆಯ ಹೆಂಗಸರಿಂದ ಬಂದದ್ದು. ಅಜ್ಜಿ ಬೇರೆಯವರ ಮನೆಗಳಲ್ಲಿ ಮನೆಗೆಲಸ ಮಾಡುತ್ತಿದ್ದವರು. ತಾನು ಕೆಲಸಕ್ಕಿದ್ದ ಮನೆಯವರ ಪರಿಚಯ ಹಿಡಿದು ಮೊಮ್ಮಗನಿಗೆ ನ್ಯೂಯಾರ್ಕಿನ ಆರ್ನಾಲ್ಡ್ ಸ್ಕಾಸಿ ಎಂಬ ಹೆಸರಾಂತ ವಿನ್ಯಾಸಕಾರರ ಬಳಿ ಕೆಲಸ ಕಲಿಯಲು ದಾರಿ ಮಾಡಿಕೊಟ್ಟದ್ದು ಆ ಅಜ್ಜಿಯೇ. ಸ್ಕಾಸಿ ಸಿರಿವಂತ ಹೆಂಗಸರಿಗೆ, ತಾರೆಯರಿಗೆ ಒಬ್ಬೊಬ್ಬರ ಅಳತೆಗೂ ಉಡುಪು ಮಾಡುತ್ತಿದ್ದವರು. ಮನೆಗೆಲಸದಾಕೆಯ ಮೊಮ್ಮಗ ಅಲ್ಲಿ ನಿಂತು ಆ ಉಡುಪುಗಳ ಒಳಮೈಯನ್ನು ನೋಡಿದ. ಮುಂದೆ ಅವರು ಮಾಡಿದ ಎಲ್ಲವೂ ಆ ಅಂಗಡಿಯ ಕಡೆಗೆ ಬೆನ್ನು ಹಾಕಿ ನಡೆದ ನಡಿಗೆ ಎಂದರೆ ತಪ್ಪಾಗಲಾರದು.

1965ರಲ್ಲಿ ವಿದ್ಯಾರ್ಥಿವೇತನದ ಮೇಲೆ ಪಾರ್ಸನ್ಸ್ ವಿನ್ಯಾಸ ಶಾಲೆಗೆ ಸೇರಿ, 1967ರ ಹೊತ್ತಿಗೆ ಓದು ಮುಗಿಸದೆ ಹೊರಬಂದರು. ಡಿಜಿಟ್ಸ್ ಎಂಬ ಕಂಪನಿಗೆ ಬಟ್ಟೆ ವಿನ್ಯಾಸ ಮಾಡಿ ಇಪ್ಪತ್ತರ ಹರೆಯದಲ್ಲೇ ಹೆಸರಾದರು. ತಂಗಿ ಟೂಕಿಯ ಜೊತೆ ಸ್ವಂತ ವ್ಯವಹಾರ ಹೂಡಿ ಕೈಸುಟ್ಟುಕೊಂಡರು. ಟೂಕಿ ರೂಪದರ್ಶಿ. ಅಣ್ಣನ ಬಟ್ಟೆಯನ್ನು ಮೊದಲು ತೊಟ್ಟು ತೋರಿಸುತ್ತಿದ್ದವಳು ಅವಳೇ. ಇದೆಲ್ಲ ಯಾವುದೇ ವಿನ್ಯಾಸಕಾರನ ಬದುಕಿನಲ್ಲಿ ಸಿಗುವ ಏರಿಳಿತ.

ಬದುಕು ತಿರುಗಿದ್ದು 1976ರಲ್ಲಿ, ಮುಂಬಯಿಯ ದಾರಿಯಲ್ಲಿ. ಲೋರಿ ಮಾಲೆ ಎಂಬ ಫ್ರೆಂಚ್ ಮೂಲದ ಗೆಳತಿ ವ್ಯವಹಾರ ನೋಡಿಕೊಳ್ಳುತ್ತೇನೆ, ನೀನು ವಿನ್ಯಾಸ ಮಾಡು ಎಂದಳು. ಇಬ್ಬರೂ ಭಾರತಕ್ಕೆ ಬಂದು, ಇಲ್ಲಿನ ಹತ್ತಿಬಟ್ಟೆಯಲ್ಲಿ ಹೆಂಗಸರ ಉಡುಪುಗಳ ಒಂದು ಸಣ್ಣ ಸರಣಿ ಮಾಡಿಸಿದರು. ಅಲ್ಲಿಂದ ಹುಟ್ಟಿದ ಕಂಪನಿಯೇ ವಿಲಿವೇರ್. ಹತ್ತು ವರ್ಷದಲ್ಲಿ, 1986ರ ವೇಳೆಗೆ, ಅದರ ವಹಿವಾಟು ವರ್ಷಕ್ಕೆ ಎರಡೂವರೆ ಕೋಟಿ ಡಾಲರ್ ಮುಟ್ಟಿತು. 1983ರಲ್ಲಿ ಅಮೆರಿಕದ ಫ್ಯಾಷನ್ ವಿಮರ್ಶಕರು ಕೊಡುವ 'ಕೋಟಿ' (Coty) ಎಂಬ ಹೆಸರಿನ ಪ್ರಶಸ್ತಿಯೂ ಬಂತು.

ಯಾಕೆ ಹತ್ತಿ, ಯಾಕೆ ಭಾರತ ಎಂದರೆ ಉತ್ತರ ಸರಳ. ಸ್ಮಿತ್ ಅವರಿಗೆ ಬೇಕಾಗಿದ್ದದ್ದು ಒಗೆಯಬಲ್ಲ, ಸುಕ್ಕಾದರೂ ಚೆಂದ ಕಾಣುವ, ಸಾಧಾರಣ ಸಂಬಳದವರ ಕೈಗೆಟಕುವ ಬಟ್ಟೆ. ಸಡಿಲವಾದ ಪ್ಯಾಂಟು, ದೊಡ್ಡ ಕಿಸೆ, ಭುಜದಿಂದ ಇಳಿಬಿದ್ದ ಅಂಗಿ, ಅಗಲವಾದ ಲಂಗ. ಯಾವುದರ ಜೊತೆ ಯಾವುದನ್ನಾದರೂ ಹಾಕಿಕೊಳ್ಳಬಹುದು. ಮೈಗೆ ಅಂಟಿಸಿ ಹೊಲಿದ ಉಡುಪಿಗೆ ಒಬ್ಬೊಬ್ಬರ ಅಳತೆ ಬೇಕು, ಟ್ರಯಲ್ ಬೇಕು, ಎರಡು ಸಲ ಬಿಚ್ಚಿ ಹೊಲಿಯುವ ತಾಳ್ಮೆ ಬೇಕು. ಸಡಿಲ ಉಡುಪಿಗೆ ಅದು ಬೇಡ. ಒಂದೇ ಕಟಿಂಗಿನಲ್ಲಿ ನೂರಾರು ಪೀಸು ತೆಗೆಯಬಹುದು, ಹಾಕಿಕೊಂಡವರೆಲ್ಲರ ಮೇಲೂ ಅದು ಕೂರುತ್ತದೆ. ಅಂದರೆ ಅವರ ವಿನ್ಯಾಸದ ಸಡಿಲತನದಲ್ಲಿ ಲೆಕ್ಕಾಚಾರವೂ ಇತ್ತು, ಔದಾರ್ಯವೂ ಇತ್ತು. ಸ್ಮಿತ್ ಹೇಳಿದ ಮಾತೆಂದು ಎಲ್ಲರೂ ನೆನೆಯುವ ಒಂದು ಮಾತಿದೆ: ನಾನು ಬಟ್ಟೆ ಮಾಡುವುದು ರಾಣಿಗಲ್ಲ, ಅವಳು ಹಾದುಹೋಗುವಾಗ ಕೈಬೀಸುವವರಿಗೆ. ಫ್ಯಾಷನ್ ಲೋಕದವರು ಆಡುವ ಮಾತುಗಳಲ್ಲಿ ಬಹುಪಾಲು ಜಾಹೀರಾತೇ ಆಗಿರುತ್ತದೆ. ಇದು ಮಾತ್ರ ಆ ಮನುಷ್ಯನ ಲೆಕ್ಕದ ಪುಸ್ತಕಕ್ಕೂ ತಾಳೆಯಾಗುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಟ್ಟೆಯನ್ನು ಕೊಳ್ಳಲೂ ಆಗದವರಿಗೆಂದು ಕಾಗದದ ಪ್ಯಾಟರ್ನುಗಳನ್ನೂ ಅವರು ಕೊಟ್ಟರು. ಬಟರಿಕ್, ಮೆಕಾಲ್ಸ್ ಎಂಬ ಕಂಪನಿಗಳು ವಿಲಿ ಸ್ಮಿತ್ ವಿನ್ಯಾಸದ ಪೇಪರ್ ಕಟಿಂಗುಗಳನ್ನು ಲಕೋಟೆಯಲ್ಲಿ ಹಾಕಿ ಮಾರುತ್ತಿದ್ದವು. ತಂದು, ಹಾಸಿ, ಕತ್ತರಿಸಿ, ಮನೆಯ ಯಂತ್ರದಲ್ಲೇ ಹೊಲಿದುಕೊಳ್ಳಬಹುದು. ತನ್ನ ವಿನ್ಯಾಸವನ್ನು ಯಾರಾದರೂ ಕದ್ದಾರು ಎಂದು ಕಾವಲು ಕಾಯುವವರೇ ತುಂಬಿರುವ ಧಂದೆಯಲ್ಲಿ ಇದು ಸಣ್ಣ ಮಾತಲ್ಲ.

ಈಗ ಫಲಕದ ವಿಷಯಕ್ಕೆ ಬರುತ್ತೇನೆ. ಸೆವೆಂತ್ ಅವೆನ್ಯೂವಿನಿಂದ ಕೂಗಳತೆಯ ದೂರದಲ್ಲಿ, 38ನೇ ಬೀದಿಯಲ್ಲಿ, ವಿಲಿವೇರ್ ಕಂಪನಿಯ ಷೋರೂಮ್ ಇತ್ತು. 1982ರಲ್ಲಿ ಅದನ್ನು ರೂಪಿಸಿದ್ದು ಸೈಟ್ ಎಂಬ ವಾಸ್ತುಶಿಲ್ಪಿಗಳ ತಂಡ, ಜೇಮ್ಸ್ ವೈನ್ಸ್ ಅದರ ಮುಂದಾಳು. ಷೋರೂಮೆಂದರೆ ಆಗ ಕನ್ನಡಿ, ಕಾರ್ಪೆಟ್ಟು, ಮೆತ್ತನೆಯ ದೀಪ. ಇವರು ಬೀದಿಯನ್ನೇ ಎತ್ತಿ ಒಳಗೆ ತಂದಿಟ್ಟರು. ಇಟ್ಟಿಗೆ, ನೀರಿನ ಕೊಳವೆ, ತಂತಿಬಲೆಯ ಬೇಲಿ, ಬೆಂಕಿ ಆರಿಸುವವರು ಬಳಸುವ ಬೀದಿಯ ನಲ್ಲಿ, ಹೀಗೆ ನಗರ ಬಿಸಾಡಿದ್ದನ್ನೂ ನಗರದ ಮೂಲೆಗಳಲ್ಲಿ ಸಿಕ್ಕಿದ್ದನ್ನೂ ಆಯ್ದು ತಂದು, ಎಲ್ಲಕ್ಕೂ ಒಂದೇ ಬೂದುಬಣ್ಣ ಬಳಿದರು. ಬಟ್ಟೆಗಳನ್ನು ಕೊಳವೆಗಳಿಗೆ, ಬೇಲಿಗೆ ನೇತುಹಾಕಿದರು. ಆ ಬೂದುಬಣ್ಣದ ನಡುವೆ ಹತ್ತಿಬಟ್ಟೆಯ ಬಣ್ಣ ಹೇಗೆ ಉರಿಯುತ್ತಿದ್ದಿರಬೇಕು ಎಂಬುದನ್ನು ಕಪ್ಪುಬಿಳುಪಿನ ಫೋಟೊ ನೋಡಿದರೂ ಊಹಿಸಬಹುದು. ಸಗಟು ಖರೀದಿಗೆ ಬಂದ ದೊಡ್ಡ ಅಂಗಡಿಗಳವರು ಬೀದಿಯಿಂದ ಬಾಗಿಲು ತೆಗೆದು ಒಳಗೆ ಬಂದರೆ ಮತ್ತೆ ಬೀದಿಯಲ್ಲೇ ನಿಂತಿರುತ್ತಿದ್ದರು.

ನನಗೆ ಈ ಷೋರೂಮ್ ಅವರು ಮಾಡಿದ ಯಾವ ಉಡುಪಿಗಿಂತಲೂ ಹೆಚ್ಚು ಇಷ್ಟ. ಬೀದಿಯ ಜನರ ಉಡುಪಿನಿಂದ ಕದಿಯದ ವಿನ್ಯಾಸಕಾರ ಇಲ್ಲ. ಕೂಲಿಯವನ ಜೀನ್ಸು, ನಾವಿಕನ ಪಟ್ಟೆ ಅಂಗಿ, ಸಿಪಾಯಿಯ ಕೋಟು, ಎಲ್ಲವೂ ಹಾಗೆ ಮೇಲೇರಿದವು. ಏರಿದ ಮೇಲೆ ಬೆಲೆಯೂ ಏರಿ, ಮೂಲದವರ ಕೈಗೆ ಎಟುಕದಾದವು. ಸ್ಮಿತ್ ತಮ್ಮ ಸಾಲ ಎಲ್ಲಿಯದೆಂದು ಷೋರೂಮಿನ ಗೋಡೆಯ ಮೇಲೇ ತೋರಿಸಿಟ್ಟರು, ಬೆಲೆಯನ್ನೂ ನೆಲದ ಹತ್ತಿರವೇ ಇಟ್ಟರು. ಇಪ್ಪತ್ತು ವರ್ಷದ ನಂತರ ಅದೇ ಬಡಾವಣೆಯ ಫುಟ್‌ಪಾತು ಅವರ ಹೆಸರನ್ನು ತನ್ನೊಳಗೆ ಹಾಕಿಕೊಂಡಿತು. ಫಲಕ ಕೂರಿಸಿದವರು ಈ ಷೋರೂಮನ್ನು ನೆನೆದು ಮಾಡಿದರೆಂದು ನಾನು ಹೇಳುತ್ತಿಲ್ಲ. ಎಲ್ಲರಿಗೂ ಹಾಕಿದಂತೆ ಅವರಿಗೂ ಹಾಕಿದರು, ಅದು ಅಲ್ಲಿ ಹೇಗೋ ಸರಿಯಾಗಿ ಕೂತಿತು.

ಕಲಾವಿದರ ಜೊತೆ ಅವರು ಮಾಡಿದ ಕೆಲಸಗಳ ಪಟ್ಟಿ ದೊಡ್ಡದು. ಕೀತ್ ಹ್ಯಾರಿಂಗ್, ಬಾರ್ಬರಾ ಕ್ರೂಗರ್ ಮುಂತಾದವರ ಚಿತ್ರಗಳನ್ನು 1984ರಲ್ಲೇ ಟೀ ಶರ್ಟುಗಳ ಮೇಲೆ ಅಚ್ಚುಹಾಕಿ ಮಾರಿದರು. ಈಗ ಪ್ರತಿ ಮಾಲಿನಲ್ಲೂ ಕಾಣುವ ವ್ಯಾಪಾರ ಅದು, ಆಗ ಹೊಸತು. ನನಗೆ ಹೆಚ್ಚು ಹಿಡಿಸಿದ್ದು ಬೇರೆ. 1985ರಲ್ಲಿ ಕ್ರಿಸ್ಟೊ ಮತ್ತು ಜಾನ್ ಕ್ಲೋಡ್ ದಂಪತಿ ಪ್ಯಾರಿಸಿನ ಪೋನ್ ನೆಫ್ ಸೇತುವೆಯನ್ನು ಇಡಿಯಾಗಿ ಬಟ್ಟೆಯಲ್ಲಿ ಸುತ್ತಿದಾಗ, ಅಲ್ಲಿ ಹಗ್ಗ ಹಿಡಿದು ದುಡಿದ ಕೆಲಸಗಾರರ ಸಮವಸ್ತ್ರ ಮಾಡಿದ್ದು ವಿಲಿ ಸ್ಮಿತ್. ಇಡೀ ಜಗತ್ತು ಸೇತುವೆ ಉಟ್ಟ ಬಟ್ಟೆಯನ್ನು ನೋಡುತ್ತಿದ್ದಾಗ ಇವರು ಸೇತುವೆಗೆ ಬಟ್ಟೆ ಉಡಿಸುವವರು ಏನು ತೊಟ್ಟಿದ್ದಾರೆ ಎಂದು ಯೋಚಿಸಿದರು.

ಅವರ ಸಾವಿನ ಕಥೆಯಲ್ಲಿಯೂ ಭಾರತ ಬರುತ್ತದೆ, ಒಳ್ಳೆಯ ರೀತಿಯಲ್ಲಿ ಅಲ್ಲ. 1987ರ ಆರಂಭದಲ್ಲಿ ಬಟ್ಟೆ ಖರೀದಿಗೆಂದು ಭಾರತಕ್ಕೆ ಹೋಗಿದ್ದ ಸ್ಮಿತ್, ಕಾಯಿಲೆ ಹೊತ್ತು ಮರಳಿದರು. ಏಪ್ರಿಲ್ 17ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 39. ನ್ಯುಮೋನಿಯ, ಪ್ರವಾಸದಲ್ಲಿ ತಗುಲಿದ ಕರುಳಿನ ಸೋಂಕು ಎಂದು ಮೊದಲು ಸುದ್ದಿಯಾಯಿತು. ಏಡ್ಸ್ ಇತ್ತೆಂಬುದನ್ನು ಅವರ ವಕೀಲರು ಆಮೇಲೆ ತಿಳಿಸಿದರು. ಆ ಕಾಲ ಹಾಗಿತ್ತು. ಆ ರೋಗದ ಹೆಸರು ಬಾಯಿಗೆ ಬರದಿರಲೆಂದು ಪತ್ರಿಕೆಗಳೂ ಕುಟುಂಬಗಳೂ ಕಂಪನಿಗಳೂ ಬೇರೆ ಬೇರೆ ಕಾರಣಗಳನ್ನು ಹುಡುಕುತ್ತಿದ್ದ ಕಾಲ. ಅದೇ ಫುಟ್‌ಪಾತಿನಲ್ಲಿ ಫಲಕವಿರುವ ಹಾಲ್ಸ್ಟನ್ ಕೂಡ 1990ರಲ್ಲಿ ಏಡ್ಸ್‌ನಿಂದಲೇ ಹೋದರು. ಒಂದು ತಲೆಮಾರಿನ ಕೈಗಳನ್ನೇ ಆ ಧಂದೆ ಕಳೆದುಕೊಂಡಿತು. ಸೆವೆಂತ್ ಅವೆನ್ಯೂವಿನ ಗೌರವಗಳ ಭಾಷೆಯಲ್ಲಿ ಸಾಧನೆಗೆ ಜಾಗವಿದೆ, ಇದಕ್ಕಿಲ್ಲ.

ವಿಲಿವೇರ್ ಒಡೆಯನಿಲ್ಲದೆ ಕೆಲವು ವರ್ಷ ನಡೆದು 1990ರಲ್ಲಿ ಬಾಗಿಲು ಮುಚ್ಚಿತು. ಹೆಸರು ಮರೆಯಾಯಿತು. ವ್ಯಾಪಾರ ನಡೆಯುತ್ತಿರುವವರೆಗೆ ಮಾತ್ರ ವಿನ್ಯಾಸಕಾರನ ಹೆಸರು ಬದುಕಿರುತ್ತದೆ ಎಂಬುದು ಈ ಧಂದೆಯ ಕಟುವಾದ ನಿಯಮ. ರಾಲ್ಫ್ ಲಾರೆನ್ ಯಾರೆಂದು ತಿಳಿಯಲು ಯಾರೂ ನೆಲ ನೋಡಬೇಕಾಗಿಲ್ಲ, ಪ್ರತಿ ವಿಮಾನ ನಿಲ್ದಾಣದಲ್ಲೂ ಅಂಗಡಿ ಇದೆ. ಅಂಗಡಿ ಇಲ್ಲದವರಿಗೆ ಉಳಿಯುವುದು ಇಂಥ ಫಲಕ ಮಾತ್ರ. ನ್ಯೂಯಾರ್ಕಿನ ಕೂಪರ್ ಹ್ಯೂಯಿಟ್ ವಿನ್ಯಾಸ ಮ್ಯೂಸಿಯಂ ಅವರ ಬಗ್ಗೆ ಕಡೆಗೂ ಒಂದು ದೊಡ್ಡ ಪ್ರದರ್ಶನ ಮಾಡಿತು. ತೆರೆಯುವ ದಿನ 2020ರ ಮಾರ್ಚ್ 13. ಆ ತಿಂಗಳು ನ್ಯೂಯಾರ್ಕಿನಲ್ಲಿ ಏನಾಯಿತೆಂದು ಯಾರಿಗೂ ಹೇಳಬೇಕಾಗಿಲ್ಲ. ಒಂದು ಸಾಂಕ್ರಾಮಿಕದಲ್ಲಿ ಹೋದವರ ನೆನಪನ್ನು ಇನ್ನೊಂದು ಸಾಂಕ್ರಾಮಿಕ ಬಾಗಿಲಲ್ಲೇ ತಡೆಯಿತು.

ಇಷ್ಟು ಹೇಳಿ ಸ್ಮಿತ್ ಅವರನ್ನು ಹೊಗಳಿ ಮುಗಿಸಬಹುದಿತ್ತು. ಆದರೆ ಆ ಆರು ಬ್ಲಾಕುಗಳಲ್ಲಿ ನಡೆದಾಗಲೆಲ್ಲ ನನ್ನನ್ನು ಕಾಡುವ ಇನ್ನೊಂದು ಸಂಗತಿಯಿದೆ. ಸೆವೆಂತ್ ಅವೆನ್ಯೂವಿಗೆ 1972ರಿಂದ ಫ್ಯಾಷನ್ ಅವೆನ್ಯೂ ಎಂಬ ಇನ್ನೊಂದು ಹೆಸರೂ ಇದೆ. ಬೀದಿಫಲಕಗಳಲ್ಲಿ ಎರಡೂ ಇವೆ. ಹೆಸರು ಬಂದ ಹೊತ್ತಿಗೆ ಇಲ್ಲಿಯ ಹೊಲಿಗೆ ಇಳಿಮುಖವಾಗಿತ್ತು. 1960ರ ಸುಮಾರಿಗೆ ಅಮೆರಿಕನ್ನರು ತೊಡುತ್ತಿದ್ದ ಬಟ್ಟೆಯಲ್ಲಿ ನೂರಕ್ಕೆ 95 ಪಾಲು ಅಮೆರಿಕದಲ್ಲೇ ತಯಾರಾಗುತ್ತಿತ್ತೆಂಬ ಲೆಕ್ಕವಿದೆ. ಈಗ ಅದು ಬೆರಳೆಣಿಕೆಯ ಪಾಲು. ಕಾರ್ಖಾನೆಗಳ ಜಾಗ ಕಚೇರಿಗಳ ಪಾಲಾಗದಿರಲಿ ಎಂದು ನಗರಾಡಳಿತ 1987ರಲ್ಲಿ ಒಂದು ನಿಯಮ ಮಾಡಿತು, 2018ರಲ್ಲಿ ಅದನ್ನು ತೆಗೆದುಹಾಕಿತು. ನಡುವೆ ಹೊಲಿಯುವವರು ಹೊರಟುಹೋದರು, ಹೆಸರುಗಳು ಕಂಚಿನಲ್ಲಿ ಬಂದು ಕೂತವು. ಊರಿನಲ್ಲಿ ಕೆರೆ ಮುಚ್ಚಿದ ಮೇಲೆ ಬಡಾವಣೆಗೆ ಕೆರೆಯ ಹೆಸರಿಡುತ್ತಾರಲ್ಲ, ಹಾಗೆ.

ಹೊಲಿಯುವವನಿಗೂ ಅಲ್ಲಿ ಒಂದು ಸ್ಮಾರಕ ಇದೆ ಎನ್ನಬೇಕು. 39ನೇ ಬೀದಿಯ ಹತ್ತಿರ ಜೂಡಿತ್ ವೆಲ್ಲರ್ ಮಾಡಿದ ಕಂಚಿನ ಮೂರ್ತಿ, 1984ರದು. ಯಹೂದಿ ಟೋಪಿ ಧರಿಸಿದ ಒಬ್ಬ ಮನುಷ್ಯ ಹೊಲಿಗೆಯಂತ್ರದ ಮೇಲೆ ಬಗ್ಗಿ ಕುಳಿತಿದ್ದಾನೆ. ಶಿಲ್ಪಿ ತನ್ನ ತಂದೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು, ಆತ ಇದೇ ಬೀದಿಗಳಲ್ಲಿ ಯಂತ್ರ ತುಳಿದವರು. ಬೆನ್ನಿನ ಆ ಬಾಗು ನೋಡಿದರೆ ಮಾಡಿದವರಿಗೆ ಆ ಬೆನ್ನಿನ ಪರಿಚಯ ಇತ್ತೆಂದು ಗೊತ್ತಾಗುತ್ತದೆ. ಕಣ್ಣು ಸೂಜಿಯ ಮೇಲಿದೆ, ಎರಡು ಕೈಯೂ ಬಟ್ಟೆಯ ಮೇಲಿವೆ. ಆ ಮನುಷ್ಯನಿಗೆ ಹೆಸರಿಲ್ಲ. ವಿನ್ಯಾಸಕಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಫಲಕ, ಹೊಲಿದವರಿಗೆ ಎಲ್ಲರಿಗೂ ಸೇರಿ ಒಂದು ಮೂರ್ತಿ.

ಹೊಲಿದವರ ಹೆಸರು ನ್ಯೂಯಾರ್ಕಿನ ಫುಟ್‌ಪಾತಿನ ಮೇಲೆ ಬರುವ ದಿನವೂ ವರ್ಷಕ್ಕೊಂದಿದೆ. ಮಾರ್ಚ್ 25. 1911ರಲ್ಲಿ ಆ ದಿನ ವಾಷಿಂಗ್ಟನ್ ಸ್ಕ್ವೇರಿನ ಪಕ್ಕದ ಟ್ರಯಾಂಗಲ್ ಎಂಬ ರವಿಕೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಹೆಚ್ಚಿನವರು ಯಹೂದಿ ಮತ್ತು ಇಟಲಿ ಮೂಲದ, ಹದಿಹರೆಯದ ಮತ್ತು ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು. ಹೊರಬರುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಅಗ್ನಿಶಾಮಕದವರ ಏಣಿ ಆರನೇ ಅಂತಸ್ತಿನವರೆಗಷ್ಟೇ ಮುಟ್ಟುತ್ತಿತ್ತು, ಕಾರ್ಖಾನೆ ಇದ್ದದ್ದು ಎಂಟು, ಒಂಬತ್ತು, ಹತ್ತನೇ ಅಂತಸ್ತುಗಳಲ್ಲಿ. 2004ರಿಂದ ಪ್ರತಿವರ್ಷ ಆ ದಿನ ಸ್ವಯಂಸೇವಕರು ಬಣ್ಣದ ಸೀಮೆಸುಣ್ಣ ಹಿಡಿದು ಹೊರಡುತ್ತಾರೆ. ಸತ್ತವರು ಬದುಕಿದ್ದಾಗ ವಾಸವಿದ್ದ ಮನೆಗಳ ಮುಂದೆ, ನೆಲದ ಮೇಲೆ, ಅವರ ಹೆಸರು ಮತ್ತು ವಯಸ್ಸು ಬರೆಯುತ್ತಾರೆ. ಮುಂದಿನ ಮಳೆಗೆ ಅದು ಅಳಿಸುತ್ತದೆ. ಮರುವರ್ಷ ಮತ್ತೆ ಬರೆಯುತ್ತಾರೆ. ಈಸ್ಟ್ ವಿಲೇಜಿನ ಒಂದು ಓಣಿಯಲ್ಲಿ ನಾನು ನೋಡಿದಾಗ, ಬರೆಯುತ್ತಿದ್ದ ಹೆಂಗಸು ಮಂಡಿಯ ಕೆಳಗೆ ಒಂದು ರಟ್ಟು ಹಾಕಿಕೊಂಡು ಕುಳಿತಿದ್ದರು. ಹಾದುಹೋಗುವವರೆಲ್ಲ ಅಕ್ಷರದ ಮೇಲೆ ಕಾಲಿಡದೆ ಬಳಸಿ ನಡೆಯುತ್ತಿದ್ದರು. ಕಂಚನ್ನು ತುಳಿಯುವ ಊರೇ ಸೀಮೆಸುಣ್ಣವನ್ನು ತುಳಿಯಲಿಲ್ಲ. 2023ರಲ್ಲಿ ಆ ಕಟ್ಟಡದ ಗೋಡೆಗೆ ಉಕ್ಕಿನ ಪಟ್ಟಿಯಲ್ಲಿ ಎಲ್ಲರ ಹೆಸರು ಕೊರೆದ ಶಾಶ್ವತ ಸ್ಮಾರಕವೂ ಬಂತು. 112 ವರ್ಷ ಬೇಕಾಯಿತು.

ಇಲ್ಲಿಂದ ಹೊರಟ ಹೊಲಿಗೆ ಹೋದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ನನ್ನ ಚಿಕ್ಕಮ್ಮ ಹೊಸೂರು ರಸ್ತೆಯ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಬಹಳ ವರ್ಷ ದುಡಿದವರು. ಹೆಲ್ಪರ್ ಆಗಿ ಸೇರಿ ದಾರ ಕತ್ತರಿಸಿ, ಆಮೇಲೆ ಟೇಲರ್ ಆಗಿ, ಕಾಲರ್ ಕೂರಿಸುವುದರಲ್ಲಿ ಪಳಗಿದವರು. ಅಂಗಿಯ ಬೇರೆ ಯಾವ ಭಾಗವೂ ಅವರ ಕೈಗೆ ಬರುತ್ತಿರಲಿಲ್ಲ. ತೋಳು ಮುಂದಿನ ಮೇಜಿನವಳದು, ಕಾಜಾ ಅದರ ಮುಂದಿನವಳದು. ಅವರು ಕೂರಿಸಿದ ಕಾಲರುಗಳು ನ್ಯೂಯಾರ್ಕಿನ ಯಾವ ಕತ್ತಿನ ಸುತ್ತ ಇದ್ದವೋ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಬದಲಿಸಿದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕಾರ್ಖಾನೆಗಳಿಂದ ಹೊರಬಂದು ರಸ್ತೆಗಿಳಿದರು. ಕರೆದವರಿಲ್ಲ, ಮುಂದಾಳುಗಳಿಲ್ಲ. ಎರಡು ದಿನ ಊರು ನಿಂತುಹೋಯಿತು, ಲಾಠಿ ಬೀಸಿದರು, ಬಸ್ಸುಗಳು ಉರಿದವು, 19ರಂದು ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ದೇಶಕ್ಕೆಲ್ಲ ಅನ್ವಯಿಸುವ ನಿಯಮವನ್ನು ಟಾರ್ಗೆಟ್ ಮುಗಿಸಲು ನೀರು ಕುಡಿಯಲೂ ಏಳದ ಹೆಂಗಸರು ಬದಲಿಸಿದರು. ಬೊಮ್ಮನಹಳ್ಳಿಯ ಫುಟ್‌ಪಾತಿನಲ್ಲಿ ಫಲಕ ಕೂರಿಸುವ ಮಾತು ಹಾಗಿರಲಿ, ಫುಟ್‌ಪಾತನ್ನಾದರೂ ಮೊದಲು ಹುಡುಕಬೇಕು.

ಇದನ್ನೆಲ್ಲ ಸ್ಮಿತ್ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಕೈಬೀಸುವವರ ಕೈಗೆಟಕುವ ಬೆಲೆಗೆ ಬಟ್ಟೆ ಸಿಗಬೇಕಾದರೆ ಯಾರೋ ಎಲ್ಲೋ ಕಡಿಮೆ ಕೂಲಿಗೆ ಹೊಲಿದಿರಬೇಕು. 1976ರ ಮುಂಬಯಿಯಲ್ಲಿ ವಿಲಿವೇರಿನ ಮೊದಲ ಪ್ಯಾಂಟುಗಳನ್ನು ಹೊಲಿದ ದರ್ಜಿಗಳು ಆ ಉಡುಪಿನ ಅರ್ಧ ಕರ್ತೃಗಳು ಎಂಬುದು ನನ್ನ ಅಭಿಪ್ರಾಯ. ನ್ಯೂಯಾರ್ಕಿನ ಬೀದಿಯ ಉಡುಪು ಎಂದು ಹೊಗಳಿಸಿಕೊಂಡದ್ದರ ಅರ್ಧ ಬೀದಿ ನಮ್ಮದು. ಫಲಕದ ಮೇಲೆ ಅಷ್ಟೆಲ್ಲ ಬರೆಯಲು ಜಾಗವಿಲ್ಲ, ಒಪ್ಪೋಣ. ಮ್ಯೂಸಿಯಮ್ಮಿನ ಗೋಡೆಯ ಮೇಲೆ ಜಾಗವಿತ್ತು.

ಚಿಕ್ಕಮ್ಮ ಈಗ ಮನೆಯಲ್ಲೇ ಬ್ಲೌಸು ಹೊಲಿಯುತ್ತಾರೆ, ಸೀರೆಗೆ ಫಾಲ್ ಹಚ್ಚುತ್ತಾರೆ. ಅವರಿಗೆ ಫಲಕದ ಫೋಟೊ ಕಳಿಸಿದೆ. ಯಾರು, ಏನು ಎಂದು ಫೋನಿನಲ್ಲಿ ವಿವರಿಸಿದೆ. ರಾಣಿಯ ಮಾತಿಗೆ ನಕ್ಕರು. ಮಳೆ ಬಂದರೆ ಅದರ ಮೇಲೆ ಜನ ಜಾರಿ ಬೀಳುವುದಿಲ್ಲವೇ ಎಂದು ಕೇಳಿದರು. ಆಮೇಲೆ ಮೆಕಾಲ್ಸ್ ಪ್ಯಾಟರ್ನ್ ಲಕೋಟೆಯ ಹಿಂಬದಿಯ ಚಿತ್ರವೊಂದನ್ನು ಕಳಿಸಿದೆ. ವಿಲಿ ಸ್ಮಿತ್ ಪ್ಯಾಂಟಿನ ಬಿಡಿಭಾಗಗಳ ಗೆರೆಚಿತ್ರ ಅದು. ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದಿರಬೇಕು, ಬಹಳ ಹೊತ್ತಿನ ಮೇಲೆ ಅವರೇ ಫೋನು ಮಾಡಿದರು.

"ಒಳ್ಳೆಯ ಕಟಿಂಗ್ ಕಣೋ, ಬಟ್ಟೆ ದಂಡ ಮಾಡಿಲ್ಲ. ಕಾಲಿನ ಎರಡು ಹೊಲಿಗೆ ನೇರ, ಹೊಸಬಳಿಗೆ ಕೊಟ್ಟರೂ ಆಗುತ್ತದೆ. ಆದರೆ ಈ ಕಿಸೆ ಇದೆಯಲ್ಲ, ಇದು ಸೊಂಟಪಟ್ಟಿಯೊಳಗೆ ಹೋಗಿ ಸೇರುತ್ತದೆ. ಇದಕ್ಕೆ ಕೈ ಪಳಗಿರಬೇಕು. ನಮ್ಮ ಲೈನಿನಲ್ಲಾಗಿದ್ದರೆ ಈ ಕಿಸೆ ಹಚ್ಚುವವಳಿಗೆ ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಹಾಕುವ ಮುಂಚೆ ಸೂಪರ್‌ವೈಸರ್ ಒಂದು ಸಲ ತಾನೇ ಕೂತು ಹೊಲಿದು ನೋಡಬೇಕಿತ್ತು."